ಉಪ್ಪುನೀರಿನ ತೊಟ್ಟಿಗೆ ಎಷ್ಟು ಬೆಳಕು

ಜನವರಿ ೯

ಮಗಳೇ,

ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯುವುದೇ ಆದರೆ ಓದಿ ಹರಿ. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಮೀನಿನ ವಿಷಯಕ್ಕೆ. ನಗು ಬಂದರೆ ನಕ್ಕುಬಿಡು.

ಹೋದ ವಾರ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಮೂವತ್ತೈದು ವರ್ಷ ವೆಲ್ಡಿಂಗ್ ಕಿಡಿ ನೋಡಿದ ಕಣ್ಣು ಇದು. ಈಗ ಅದಕ್ಕೆ ಮಧ್ಯಾಹ್ನವೂ ಮುಸ್ಸಂಜೆಯೇ. ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟಿದ್ದರು. ಒಳಗೆ ಕಲ್ಲು, ಕಲ್ಲಿನ ಮೇಲೆ ಹೂವಿನ ಹಾಗೆ ಓಲಾಡುವ ಹವಳ, ಎರಡು ಕಿತ್ತಳೆ ಬಣ್ಣದ ಮೀನು. ನೋಡುತ್ತ ಕೂತವನಿಗೆ ನನ್ನ ನಂಬರು ಕೂಗಿದ್ದೂ ಕೇಳಲಿಲ್ಲ. ಹಿಂದಿನವನು ಒಳಗೆ ನುಗ್ಗಿಬಿಟ್ಟ. ನರ್ಸು ಬಂದು, "ಯಜಮಾನ್ರೇ, ನಿಮ್ ಸರದಿ ಹೋಯ್ತಲ್ಲ, ನಿದ್ದೆ ಮಾಡ್ತಿದ್ರಾ?" ಅಂದಳು. ನಾನು, "ಹೋಗ್ಲಿ ಬಿಡಮ್ಮ" ಅಂದೆ.

ನಾನು ಹಾಗಂದೆ ಮಗಳೇ! ಎರಡು ತಿಂಗಳ ಹಿಂದೆ, ನನ್ನ ಇಕ್ಕಳ ಕೇಳದೆ ಮುಟ್ಟಿದ ಅಂತ ಜೊತೆ ಕೆಲಸದ ಫಿಟ್ಟರನ ಬಾಯಿಗೆ ಸಲಾಕೆಯಿಂದ ಬಾರಿಸಿ ಎರಡು ಹಲ್ಲು ಉದುರಿಸಿದವನು. ಹನ್ನೊಂದು ದಿನ ಲಾಕಪ್ಪಿನ ಕಂಬಿ ಎಣಿಸಿದವನು. ಆ ತೊಟ್ಟಿಯ ಮುಂದೆ ಒಂದು ಗಂಟೆ ಕೂತಿದ್ದೆ, ಮುಷ್ಟಿ ಒಂದು ಸಲವೂ ಬಿಗಿಯಲಿಲ್ಲ.

ಅಂಥದ್ದೊಂದು ಮನೆಯಲ್ಲಿ ಇಡಬೇಕು. ನೀನು ಸಮುದ್ರದ ಮೀನು ಮಾರುವ ಅಂಗಡಿಯಲ್ಲಿದ್ದೀಯಂತೆ, ನಿನ್ನ ಚಿಕ್ಕಮ್ಮ ಹೇಳಿದಳು. ಮೊದಲ ಸಲ ಇಡುವವನಿಗೆ ಎಷ್ಟು ದೊಡ್ಡ ತೊಟ್ಟಿ ಬೇಕು? ಯಾವ ದೀಪ?

ಚಿಕ್ಕಮ್ಮ ಇನ್ನೂ ಒಂದು ಮಾತು ಹೇಳಿದಳು. ನಿಮ್ಮಮ್ಮನಿಗೆ ಈ ಮನೆಗೆ ವಾಪಸು ಬರುವ ಮನಸ್ಸಿದೆ, ನೀನು ಬಿಡುತ್ತಿಲ್ಲ ಎಂದು. ಬಿಡು ಅನ್ನುವ ಬಾಯಿ ನನಗಿಲ್ಲ. ಕೇಳಿದ್ದನ್ನು ಹೇಳಿದೆ, ಅಷ್ಟೆ.

ನಿನ್ನ ಅಪ್ಪ


ಜನವರಿ ೨೦

ತಮಗೆ,

ಅಂಗಡಿಗೆ ಬರುವ ಎಲ್ಲರಿಗೂ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ನೂರು ಲೀಟರಿಗಿಂತ ಚಿಕ್ಕ ತೊಟ್ಟಿ ಬೇಡ. ನೀರು ಕಡಿಮೆಯಾದಷ್ಟೂ ತಪ್ಪು ಬೇಗ ಕೊಲ್ಲುತ್ತದೆ. ಶುದ್ಧ ಮಾಡಿದ ನೀರಿಗೆ ಲೀಟರಿಗೆ ಮೂವತ್ತೈದು ಗ್ರಾಮಿನ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಪುಡಿ ಹಾಕಿ. ಅಡುಗೆ ಉಪ್ಪಲ್ಲ. ನೀರು ಬೆಚ್ಚಗಿಡುವ ಕೊಳವೆ ಒಂದು, ನೀರನ್ನು ಸುತ್ತಿಸುವ ಪಂಪು ಒಂದು. ಹತ್ತು ಕಿಲೋ ಕಡಲ ಕಲ್ಲು. ಆಮೇಲೆ ಕಾಯಬೇಕು. ಐದಾರು ವಾರ ಬರೀ ಕಲ್ಲು, ಬರೀ ನೀರು. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಆ ಕಲ್ಲಿನಲ್ಲಿ ಮನೆ ಮಾಡುವವರೆಗೆ ಒಂದು ಮೀನೂ ಬೇಡ. ಆಮೇಲೆ ಎರಡು ಕ್ಲೌನ್ ಮೀನು, ನೀವು ಆಸ್ಪತ್ರೆಯಲ್ಲಿ ನೋಡಿದ ಕಿತ್ತಳೆ ಬಣ್ಣದವು. ಅವು ಒಗ್ಗಿದ ಮೇಲೆ ಮೆತ್ತನೆಯ ಹವಳ. ನೀಲಿ ಡ್ಯಾಮ್ಸೆಲ್ ಎಂಬ ಮೀನನ್ನು ಯಾರಾದರೂ "ಗಟ್ಟಿ ಜೀವ ಸಾರ್" ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಮೊದಲು ಒಳಗೆ ಹೋದರೆ ಇಡೀ ತೊಟ್ಟಿ ತನ್ನದೆನ್ನುತ್ತದೆ.

ದೀಪ: ನೀಲಿಯನ್ನೂ ಬಿಳಿಯನ್ನೂ ಬೇರೆ ಬೇರೆ ಏರಿಸಿ ಇಳಿಸಲು ಬರುವ ಎಲ್‌ಇಡಿ. ದಿನಕ್ಕೆ ಎಂಟು ಗಂಟೆ. ಹವಳ ಇಟ್ಟ ಮೊದಲ ವಾರ ನೂರಕ್ಕೆ ಇಪ್ಪತ್ತು, ಆಮೇಲೆ ವಾರಕ್ಕೆ ಐದರಂತೆ ಏರಿಸಿ. ಅರವತ್ತಕ್ಕೆ ನಿಲ್ಲಿಸಿ.

ಇನ್ನು ಅಮ್ಮನ ಮಾತು. ವಾಪಸು ಹೋಗುತ್ತೇನೆ ಎನ್ನುವುದು ನಿಜ. ಯಾಕಮ್ಮ ಎಂದರೆ ಹೇಳುವುದಿಲ್ಲ, ಗೋಡೆ ನೋಡುತ್ತಾಳೆ. ಅವಳ ದವಡೆಯೊಳಗೆ ಡಾಕ್ಟರು ಕೂರಿಸಿದ ತಗಡು ಚಳಿಗೆ ಈಗಲೂ ನೋಯುತ್ತದೆ.

ನಿಮ್ಮ ತೊಟ್ಟಿ ಆರು ತಿಂಗಳು ಬದುಕಲಿ, ಆಮೇಲೆ ಮಾತಾಡೋಣ. ಒಂದು ಷರತ್ತು. ಏನು ಸತ್ತರೂ, ಏನು ಒಡೆದರೂ, ಯಾರಿಗೆ ಹೊಡೆದರೂ ಇದ್ದದ್ದು ಇದ್ದ ಹಾಗೆ ಬರೆಯಬೇಕು. ಒಂದು ಸುಳ್ಳು ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಫೋನ್ ಮಾಡಬೇಡಿ. ನಿಮ್ಮ ಧ್ವನಿ ಕೇಳಿದರೆ ನನಗೆ ಊಟ ಸೇರುವುದಿಲ್ಲ.

ಇಂತಿ,
ಮೀನಂಗಡಿಯವಳು


ಮಾರ್ಚ್ ೬

ಮಗಳೇ,

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ತೊಟ್ಟಿಗೆ ಸ್ಟ್ಯಾಂಡು ನಾನೇ ಮಾಡಿದೆ. ಆನೆ ಹತ್ತಿ ಕುಣಿದರೂ ಅಲುಗುವುದಿಲ್ಲ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಡುಮಧ್ಯೆ ನಿಂತಿತು. ಪಕ್ಕದ ಮನೆಯ ದರ್ಜಿ ಬಂದು ನೋಡಿ, "ಏನಣ್ಣ, ಮೀನಿಗೆ ಮಾಡಿದ್ದೋ ಪೆಟ್ರೋಲ್ ಟ್ಯಾಂಕಿಗೆ ಮಾಡಿದ್ದೋ?" ಅಂದ.

ಈಗ ಕೆಟ್ಟದ್ದು. ಐದು ವಾರ ಬರೀ ನೀರು ನೋಡುವ ತಾಳ್ಮೆ ನನಗೆ ಎಲ್ಲಿಂದ ಬರಬೇಕು? ಮೂರನೇ ವಾರಕ್ಕೆ ಇಲ್ಲಿಯ ಅಂಗಡಿಯವನು ನೀಲಿ ಮೀನೊಂದು ಕೊಟ್ಟ. ನೀನು ಹೇಳಿದ ಹೆಸರಿನದೇ. ಹೆಬ್ಬೆರಳಿನಷ್ಟಿಲ್ಲ. ಇದೇನು ಮಾಡೀತು ಅಂದುಕೊಂಡು ತಂದೆ. ಚೆನ್ನಾಗಿಯೇ ಇತ್ತು. ಕೈ ಹಾಕಿದರೆ ಕೈಗೇ ಬಂದು ಕಚ್ಚುತ್ತಿತ್ತು, ನನಗೆ ಖುಷಿಯೇ ಆಯಿತು.

ಹೋದ ಶನಿವಾರ ಎರಡು ಕ್ಲೌನ್ ಮೀನು ಬಿಟ್ಟೆ. ಅವು ತೊಟ್ಟಿಯ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತವು. ನೀಲಿಯದು ಕಲ್ಲಿನ ಸಂದಿಯಿಂದ ಬಂದದ್ದೇ ಬಂದದ್ದು, ಮೊಳೆ ಹೊಡೆದ ಹಾಗೆ ಹೊಡೆಯಿತು. ಹೊಡೆದು ಹಿಂದೆ ಸರಿಯುವುದು, ಮತ್ತೆ ಹೊಡೆಯುವುದು. ಬಾಲ ಚಿಂದಿಯಾಯಿತು. ಆಮೇಲೆ ಕಣ್ಣಿಗೆ ಹೋಯಿತು. ಚಿಕ್ಕದರ ಒಂದು ಕಣ್ಣು ಕಿತ್ತು ಬಂತು. ಅದು ಕುರುಡು ಕಡೆಗೇ ಗಿರಗಿರ ತಿರುಗುತ್ತ ಭಾನುವಾರ ಸತ್ತಿತು. ದೊಡ್ಡದು ಕೊಳವೆಯ ಹಿಂದೆ ಅಡಗಿ ಎರಡು ದಿನ ಬದುಕಿತ್ತು. ಊಟಕ್ಕೂ ಈಚೆ ಬರಲಿಲ್ಲ. ಬಂದಾಗ ಹೊಟ್ಟೆ ಸೀಳಿತ್ತು.

ನಾನು ಎದುರು ಕುರ್ಚಿಯಲ್ಲಿ ಕೂತು ಎಲ್ಲ ನೋಡಿದೆ. ಆ ನೀಲಿ ಮೀನಿನಲ್ಲಿ ನನ್ನನ್ನೇ ಕಂಡೆ ಮಗಳೇ. ಅದನ್ನು ಹಿಡಿದು ನೆಲಕ್ಕೆ ಹಾಕಿ ಬೂಟಿನಲ್ಲಿ ಹೊಸಕಬೇಕು ಅನ್ನಿಸುತ್ತಿದೆ. ನಿನ್ನನ್ನು ಕೇಳಿ ಮಾಡೋಣ ಎಂದು ನಿಂತಿದ್ದೇನೆ.

ಅಪ್ಪ


ಮಾರ್ಚ್ ೧೨

ಅಪ್ಪ,

ಆ ಮೀನಿಗೆ ನಿನ್ನನ್ನು ಹೋಲಿಸಿಕೊಳ್ಳಬೇಡ. ಅದಕ್ಕೆ ಅವಮಾನ. ಅದು ತಾನು ಮಲಗುವ ಸಂದಿಗಾಗಿ ಹೊಡೆದಾಡಿತು. ನೀನು ಯಾತಕ್ಕೆ ಹೊಡೆದೆ? ನೆನಪಿಲ್ಲದಿದ್ದರೆ ನಾನು ಬರೆಯುತ್ತೇನೆ.

ಊಟ ಆರಿತ್ತು. ಅಷ್ಟೇ ಕಾರಣ. ತಟ್ಟೆ ಗೋಡೆಗೆ ಹೋಯಿತು. ಅಮ್ಮ ಮಂಡಿಯೂರಿ ನೆಲ ಒರೆಸುತ್ತಿದ್ದಳು. ನೀನು ಇನ್ನೂ ಕೆಲಸದ ಬೂಟು ಬಿಚ್ಚಿರಲಿಲ್ಲ. ತುದಿಗೆ ಉಕ್ಕಿನ ತಗಡಿರುವ ಬೂಟು. ಚೆಂಡಿಗೆ ಒದ್ದ ಹಾಗೆ ಮುಖಕ್ಕೆ ಒದ್ದೆ. ಹಸಿ ಕೊಂಬೆ ಮುರಿದ ಹಾಗೆ ಸದ್ದಾಯಿತು. ಅವಳ ಬಾಯಿ ಒಂದು ಕಡೆಗೆ ಜೋತುಬಿತ್ತು. ಅಳಲು ಹೋದರೆ ಅಳುವುದಕ್ಕೂ ದವಡೆ ಬೇಕಲ್ಲ, ಬರೀ ಗೊರಗೊರ ಎಂದಳು. ನಾನು ನಡುವೆ ಬಂದೆ. ನನ್ನ ಜಡೆ ಹಿಡಿದು ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿದೆ. ಎಣಿಸಿದ್ದೇನೆ. ಆಮೇಲೆ ಕೈ ತೊಳೆದುಕೊಂಡು, "ಬೇರೆ ಊಟ ಬಡಿಸ್ರೇ" ಅಂದೆ. ನಮ್ಮಿಬ್ಬರಿಗೂ ಒಟ್ಟಿಗೆ ಅಂದೆ.

ಮೀನು ಎಂದೂ ಹಾಗೆ ಮಾಡುವುದಿಲ್ಲ ಅಪ್ಪ.

ಅದನ್ನು ಕೊಂದರೆ ಮುಂದೆ ಪತ್ರ ಬರೆಯಬೇಡ. ಬಲೆ ಹಾಕಿ ಅಟ್ಟಿದರೆ ಕಲ್ಲೆಲ್ಲ ಕದಡುತ್ತದೆ, ಹಾಗೂ ಸಿಗುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ತೂರಿಸು. ಒಳಗೆ ಸ್ವಲ್ಪ ಮೇವು ಇಡು. ಒಳಗೆ ಹೋದದ್ದಕ್ಕೆ ಹೊರಗೆ ಬರುವ ದಾರಿ ಗೊತ್ತಾಗುವುದಿಲ್ಲ. ನೀನು ಮಾಡಬೇಕಾದದ್ದು ದೂರ ಕೂತು ಕಾಯುವುದು ಮಾತ್ರ. ಸಿಕ್ಕಿದ ಮೇಲೆ ಅಂಗಡಿಗೆ ವಾಪಸು ಕೊಡು.

ಮಗಳು


ಏಪ್ರಿಲ್ ೧೭

ಮಗಳೇ,

ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೂರು ಸಲ ಎನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಒಂದೇ ಅಂದುಕೊಂಡಿದ್ದೆ. ಒಂಬತ್ತು ವರ್ಷ ಒಂದೇ ಅಂದುಕೊಂಡೇ ನಿದ್ದೆ ಮಾಡಿದೆ.

ಬಾಟಲಿಗೆ ಬೀಳಲು ಅದು ಒಂಬತ್ತು ದಿನ ತೆಗೆದುಕೊಂಡಿತು. ಬಾಯಿವರೆಗೆ ಬರುವುದು, ನನ್ನ ಮುಖ ನೋಡುವುದು, ತಿರುಗಿ ಹೋಗುವುದು. ನಾಲ್ಕನೇ ದಿನ ತಡೆಯಲಾಗದೆ ಸುತ್ತಿಗೆ ಎತ್ತಿ ಎಸೆದೆ. ತೊಟ್ಟಿಗಲ್ಲ, ಗೋಡೆಗೆ. ಗಾರೆ ಉದುರಿ ಇಟ್ಟಿಗೆ ಕಾಣುತ್ತಿದೆ. ದರ್ಜಿ ಓಡಿ ಬಂದು, "ಯಾರನ್ನ ಕೊಂದೆ?" ಅಂದ. "ಗೋಡೆ" ಅಂದೆ. "ಸದ್ಯ" ಅಂದು ಹೋದ. ಒಂಬತ್ತನೇ ದಿನ ಬಿತ್ತು. ಕೊಂಡುಹೋಗಿ ಕೊಟ್ಟೆ.

ಹೊಸ ಜೋಡಿ ಕ್ಲೌನ್ ಮೀನು ತಂದು ಮೂರು ವಾರವಾಯಿತು, ಹೊಟ್ಟೆಬಾಕಗಳು. ಆದರೆ ಹವಳ ಸಾಯುತ್ತಿದೆ. ಅಣಬೆಯಂಥದ್ದು ಮೂರು ತಂದಿದ್ದೆ, ತಂದಾಗ ಕೆನ್ನೇರಳೆ ಬಣ್ಣ. ಹತ್ತೇ ದಿನದಲ್ಲಿ ಒಂದು ಸುಣ್ಣದ ಹಾಗೆ ಬಿಳಿಚಿ ಕರಗಿ ಹೋಯಿತು. ಉಳಿದೆರಡು ಮುದುಡಿವೆ. ಉಪ್ಪು ಸರಿಯಿದೆ, ಬಿಸಿ ಸರಿಯಿದೆ. ದೀಪವನ್ನು ಇಪ್ಪತ್ತಕ್ಕೆ ಇಟ್ಟರೆ ನನಗೆ ಏನೂ ಕಾಣುವುದಿಲ್ಲ, ಹಾಗಾಗಿ ನನಗೆ ಕಾಣುವಷ್ಟು ಏರಿಸಿಕೊಂಡಿದ್ದೇನೆ. ನೂರಕ್ಕೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಇನ್ನೇನು ತಪ್ಪಿರಬಹುದು?

ಅಪ್ಪ


ಏಪ್ರಿಲ್ ೨೫

ಅಪ್ಪ,

ಓದಿ ಅಂಗಡಿಯಲ್ಲೇ ನಕ್ಕುಬಿಟ್ಟೆ. ಗಿರಾಕಿಗಳು ತಿರುಗಿ ನೋಡಿದರು. ಆಮೇಲೆ ನಗು ನಿಂತಿತು.

ನಿನಗೆ ಕಾಣಬೇಕು ಎಂದು ಅವಕ್ಕೆ ಬೆಂಕಿ ಇಟ್ಟಿದ್ದೀಯ. ಕೆಟ್ಟಿರುವುದು ನಿನ್ನ ಕಣ್ಣು, ದೀಪವಲ್ಲ. ಆ ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬದುಕುತ್ತದೆ, ಬಣ್ಣ ಅದರದು, ಹವಳಕ್ಕೆ ಅನ್ನ ಹಾಕುವುದೂ ಅದೇ. ಬೆಳಕು ಒಮ್ಮೆಲೇ ಜಾಸ್ತಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಉಗುಳುತ್ತದೆ. ಆಮೇಲೆ ಬಿಳಿಚಿ ಹಸಿದು ಸಾಯುತ್ತದೆ. ಇಪ್ಪತ್ತಕ್ಕೆ ಇಳಿಸು, ದರ್ಜಿಯ ಕೈಯಲ್ಲಿ ಗುಂಡಿ ತಿರುಗಿಸು, ನಿನ್ನ ಕಣ್ಣು ನಂಬಬೇಡ. ಏರಿಸುವುದು ವಾರಕ್ಕೆ ಐದೇ. ನೋಡಬೇಕೆನಿಸಿದರೆ ಹತ್ತಿರ ಹೋಗಿ ಗಾಜಿಗೆ ಮೂಗು ತಾಗಿಸಿ ನೋಡು.

ಗೋಡೆಗೆ ಸುತ್ತಿಗೆ ಎಸೆದದ್ದನ್ನು ಮುಚ್ಚಿಡದೆ ಬರೆದದ್ದಕ್ಕೆ, ಅದನ್ನು ಅಮ್ಮನಿಗೂ ಓದಿ ಹೇಳಿದೆ. "ಯಾವ ಗೋಡೆ?" ಎಂದು ಕೇಳಿದಳು.

ಮಗಳು


ಜುಲೈ ೧೧

ಮಗಳೇ,

ಹವಳ ಎರಡೂ ಬದುಕಿದವು. ಒಂದು ಮರಿ ಹಾಕಿದೆ, ಉಗುರಿನಷ್ಟು. ಮುದುಡಿದ್ದು ಬಿಚ್ಚುವವರೆಗೆ ದೀಪ ಇಪ್ಪತ್ತರಲ್ಲೇ ಇತ್ತು, ಈಗ ಐವತ್ತೈದರಲ್ಲಿದೆ. ದರ್ಜಿ ಪ್ರತಿ ಸೋಮವಾರ ಬಂದು ಗುಂಡಿ ತಿರುಗಿಸುತ್ತಾನೆ, ನಾನು ಮುಟ್ಟುವುದಿಲ್ಲ. "ಐದ್ ಐದು ಅಂತ ಏರ್ಸೋಕೆ ಇದೇನ್ ಮಗೂನ್ ಜ್ವರದ ಔಷಧಿನಾ?" ಎಂದು ಬೈಯುತ್ತಾನೆ, ಆದರೂ ಬರುತ್ತಾನೆ. ನಾನು ಮೂಗು ತಾಗಿಸಿ ನೋಡುತ್ತೇನೆ. ಗಾಜಿನ ಮೇಲೆ ನನ್ನ ಮೂಗಿನ ಗುರುತು ಹಾಗೇ ಇದೆ.

ಮೇ ತಿಂಗಳಲ್ಲಿ ವರ್ಕ್‌ಶಾಪಿನಲ್ಲಿ ಒಬ್ಬನ ಕುತ್ತಿಗೆ ಹಿಡಿದೆ. ಗ್ಯಾಸ್ ಸಿಲಿಂಡರಿನ ಪಕ್ಕ ಬೀಡಿ ಹಚ್ಚಿದ್ದ. ಹಿಡಿದು ಗೋಡೆಗೆ ಒತ್ತಿದೆ, ಅವನ ಕಾಲು ನೆಲ ಬಿಟ್ಟಿತು. ಹೊಡೆಯಲಿಲ್ಲ. ಕೆಳಗಿಳಿಸಿದೆ. ಬರೆಯಬೇಕೆಂದಿದ್ದೆ, ಎರಡು ತಿಂಗಳು ತಡಮಾಡಿದೆ. ತಡವೂ ಸುಳ್ಳೇ ಎನ್ನುವುದಾದರೆ ನಿನ್ನಿಷ್ಟ.

ನೀನು ಷರತ್ತು ಹಾಕಿ ಆರು ತಿಂಗಳಾಗಲು ಇನ್ನು ಒಂಬತ್ತು ದಿನ.

ಅಪ್ಪ


ಜುಲೈ ೨೦

ಅಪ್ಪ,

ಅಮ್ಮನನ್ನು ಶುಕ್ರವಾರ ಬಸ್ಸು ಹತ್ತಿಸುತ್ತೇನೆ. ಹದಿನೈದು ದಿನಕ್ಕೆ ಮಾತ್ರ. ಚೀಲ ಅವಳೇ ಕಟ್ಟಿಕೊಂಡಿದ್ದಾಳೆ, ನನಗೆ ಮುಟ್ಟಲು ಬಿಡಲಿಲ್ಲ. ಮೆತ್ತಗಿನದನ್ನು ಮಾತ್ರ ಅಗಿಯುತ್ತಾಳೆ. ಹಿಂದಿನಿಂದ ಹೋಗಿ ಮಾತಾಡಿಸಬೇಡ. ಮನೆಯೊಳಗೆ ಬೂಟು ಹಾಕಬೇಡ.

ಷರತ್ತು ಹಾಗೇ ಇದೆ.

ಮಗಳು


ಆಗಸ್ಟ್ ೬

ಮಗಳೇ,

ನಿಮ್ಮಮ್ಮ ಬಂದು ಹದಿನಾಲ್ಕು ದಿನ. ಹದಿಮೂರು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಬೂಟು ಹೊಸ್ತಿಲಾಚೆ ಬಿಡುತ್ತಿದ್ದೆ. ಅನ್ನ ಮುದ್ದೆಯಾಗುವಷ್ಟು ಬೇಯಿಸುತ್ತಿದ್ದೆ. ಅವಳು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, "ಈ ಕಿತ್ತಳೆ ಮೀನು ನಿಮ್ಮಕ್ಕನ ಹಾಗೇ ನಡೀತದೆ ನೋಡಿ, ಸೊಂಟ ತಿರುಗಿಸ್ಕೊಂಡು" ಎಂದು ನಗುತ್ತಿದ್ದಳು. ನಗುವಾಗ ಬಾಯಿ ಒಂದೇ ಕಡೆ ತೆರೆಯುತ್ತದೆ. ನನಗೆ ನೋಡಲಾಗುತ್ತಿರಲಿಲ್ಲ. ಆದರೂ ನೋಡಿದೆ.

ನಿನ್ನೆ ಸಂಜೆ ಕೆಲಸದಿಂದ ಬಂದೆ. ಬಾಗಿಲಲ್ಲೇ ಕಣ್ಣು ಕುಕ್ಕಿತು. ತೊಟ್ಟಿ ಹಗಲಿನ ಹಾಗೆ ಉರಿಯುತ್ತಿತ್ತು. ಅವಳು ಅದರ ಮುಂದೆ ಮಂಡಿಯೂರಿ ಗಾಜು ಕೆರೆಯುತ್ತಿದ್ದಳು. "ಒಳಗೆಲ್ಲ ಮಬ್ಬು ಮಬ್ಬಾಗಿತ್ತು. ಬೆಳಗ್ಗೇನೇ ಗುಂಡಿ ಪೂರ್ತಿ ತಿರುಗಿಸ್ದೆ. ಈಗ ನೋಡಿ, ಎಷ್ಟು ಲಕ್ಷಣವಾಗಿದೆ!" ಅಂದಳು. ಹವಳ ಎರಡೂ ಮುದುಡಿ ಕಲ್ಲಿಗೆ ಅಂಟಿಕೊಂಡಿದ್ದವು. ಮರಿ ಬಿಳಿಚಿತ್ತು.

ಇದೇ ತಪ್ಪನ್ನು ನಾನೂ ಮಾಡಿದ್ದೆ. ಅದು ನನಗೆ ನೆನಪಾದದ್ದು ಆಮೇಲೆ. ಮೊದಲು ಕೈ ಎದ್ದಿತ್ತು. ಹೆಗಲಿನ ಮೇಲಕ್ಕೆ, ಮುಷ್ಟಿ ಕಟ್ಟಿ. ಎದ್ದ ಕೈ ಅಲ್ಲೇ ನಿಂತಿತು. ನಾನೇ ನಿಲ್ಲಿಸಿದೆ ಎಂದು ಬರೆಯಲು ಆಸೆಯಿದೆ, ಆದರೆ ಗೊತ್ತಿಲ್ಲ. ಕೆಳಗೆ ನೋಡಿದರೆ ಅವಳು ಆಗಲೇ ನೆಲಕ್ಕೆ ಮುದುಡಿದ್ದಳು. ಒಂದು ಕೈ ದವಡೆಯ ಮೇಲೆ, ಇನ್ನೊಂದು ಹೊಟ್ಟೆಯಡಿಗೆ. ಉಸಿರಿನ ಸದ್ದೂ ಇರಲಿಲ್ಲ. ಒಂಬತ್ತು ವರ್ಷ ದೂರವಿದ್ದರೂ ಆ ಮೈ ಏನೂ ಮರೆತಿಲ್ಲ ಮಗಳೇ.

ಆಮೇಲೆ ಎದ್ದು ಸೀರೆ ಕೊಡವಿಕೊಂಡು, "ಹೊಡೀಲಿಲ್ವಲ್ಲ, ಅದನ್ನ ಬರೀಬೇಡಿ. ಬರೆದ್ರೆ ಅವಳು ಬಂದು ಕರ್ಕೊಂಡು ಹೋಗ್ತಾಳೆ. ನಾನು ಇಲ್ಲೇ ಇರ್ತೀನಿ" ಅಂದಳು. ಈ ಮಾತು ಅವಳ ಬಾಯಲ್ಲಿ ಕೇಳಲು ನಾನು ಒಂಬತ್ತು ವರ್ಷ ಕಾದಿದ್ದೆ.

ಆದರೂ ಬರೆಯುತ್ತಿದ್ದೇನೆ. ಭಾನುವಾರ ಬಂದು ಕರೆದುಕೊಂಡು ಹೋಗು. ನಾನು ಮಧ್ಯಾಹ್ನದವರೆಗೆ ವರ್ಕ್‌ಶಾಪಿನಲ್ಲಿ ಇರುತ್ತೇನೆ, ನೀನು ನನ್ನ ಮುಖ ನೋಡಬೇಕಾಗಿಲ್ಲ.

ಅಪ್ಪ


ಆಗಸ್ಟ್ ೭

ಕಂದಾ,

ನಿಮ್ಮಪ್ಪ ಪತ್ರವನ್ನು ನನಗೆ ಓದಿ ತೋರಿಸಿ ಅಂಚೆಗೆ ಹಾಕಿದರು. ಓದುವಾಗ ಅತ್ತರು. ಬರೆದದ್ದು ನಿಜ, ಆದರೆ ಅವರಿಗೆ ಗೊತ್ತಿರುವಷ್ಟೇ ನಿಜ. ಉಳಿದದ್ದನ್ನು ನಾನು ಬರೆಯುತ್ತೇನೆ. ಅಂಗಡಿಯಲ್ಲಿ ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತುಕೋ.

ನಾನು ಹೆದರಿ ಮುದುಡಲಿಲ್ಲ. ನನ್ನ ಕೈಯಲ್ಲಿ ಗಾಜು ಕೆರೆಯುವ ಬ್ಲೇಡಿತ್ತು. ಮೊಳದುದ್ದ ಹಿಡಿ, ತುದಿಗೆ ಉಕ್ಕಿನ ಅಲಗು. ಅದನ್ನು ಹೊಟ್ಟೆಯಡಿಗೆ ಬಚ್ಚಿಟ್ಟುಕೊಂಡೇ ಬಗ್ಗಿದೆ. ಬಗ್ಗಿದಲ್ಲಿಂದ ಕಣ್ಣೆತ್ತಿದರೆ ಅವರ ಹೊಟ್ಟೆ ಸರಿಯಾಗಿ ಎದುರಿಗಿತ್ತು. ಅಂಗಿಯ ಕೊನೆಯ ಗುಂಡಿ ಬಿಚ್ಚಿತ್ತು. ಅಲ್ಲಿಗೇ ಎಂದುಕೊಂಡೆ. ಒಂದು ಸಲ ಚುಚ್ಚಿ ಮೇಲಕ್ಕೆ ಎಳೆಯುವುದು ಎಂದುಕೊಂಡೆ. ಆ ಕೈ ಕೆಳಗೆ ಬರಲಿ, ಬಾ, ಬಾ ಎಂದು ಒಳಗೊಳಗೇ ಕರೆಯುತ್ತಿದ್ದೆ. ದೇವರನ್ನೂ ನಾನು ಹಾಗೆ ಕರೆದಿಲ್ಲ.

ಕೈ ಬರಲಿಲ್ಲ. ನನಗೆ ಬೇಜಾರಾಯಿತು ಕಂದಾ. ಸಮಾಧಾನವಾಗಬೇಕಿತ್ತು, ಬೇಜಾರಾಯಿತು.

ಯಾಕೆ ವಾಪಸು ಹೋಗುತ್ತೀ ಎಂದು ನೀನು ಎಷ್ಟು ಸಲ ಕೇಳಿದೆ. ಆಗ ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಗಂಡನ ಮೇಲೆ ಪ್ರೀತಿ ಇರಬೇಕು, ಈ ವಯಸ್ಸಿಗೆ ಎಲ್ಲರಿಗೂ ಹೀಗೇ ಆಗುತ್ತದೇನೋ ಎಂದುಕೊಂಡಿದ್ದೆ. ಈಗ ಗೊತ್ತಾಯಿತು. ಅವರು ಇನ್ನೊಂದು ಸಲ ಕೈ ಎತ್ತಲಿ ಎಂದು ಬಂದಿದ್ದೇನೆ. ದೀಪದ ಗುಂಡಿ ಮುಟ್ಟಬಾರದು ಎಂದು ದರ್ಜಿ ನನಗೆ ಮೊದಲ ದಿನವೇ ಹೇಳಿದ್ದ. ಗೊತ್ತಿದ್ದೇ ತಿರುಗಿಸಿದೆ. ತಿರುಗಿಸುವಾಗ ಯಾಕೆ ಎಂದು ಯೋಚಿಸಲಿಲ್ಲ. ದಿನವಿಡೀ ಗಾಜು ಕೆರೆದೆ. ಗಾಜಿನ ಮೇಲೆ ಪಾಚಿಯೇ ಇರಲಿಲ್ಲ.

ಅವರು ಬದಲಾಗಿದ್ದಾರೆ. ಅದರಲ್ಲಿ ನಿನಗೆ ಅನುಮಾನ ಬೇಡ. ನಿನ್ನೆ ಬೆಳಗ್ಗೆ ಎದ್ದು ದೀಪ ಇಪ್ಪತ್ತಕ್ಕೆ ಇಳಿಸಿ, "ನಿನ್ನ ತಪ್ಪಲ್ಲ ಕಣೇ, ನಾನೂ ಹಿಂಗೇ ಸುಟ್ಟಿದ್ದೆ" ಎಂದು ನನಗೇ ಸಮಾಧಾನ ಹೇಳಿದರು. ಈಗ ತೊಟ್ಟಿಯ ಮುಂದೆ ಕೂತಿದ್ದಾರೆ, ಗಾಜಿಗೆ ಮೂಗು ತಾಗಿಸಿ. ಬೆನ್ನು ನನ್ನ ಕಡೆ ಇದೆ. ಕತ್ತಿನ ಹಿಂದೆ ಕೂದಲು ಬೆಳ್ಳಗಾಗಿದೆ. ನಾನು ಬರೆಯುತ್ತಿದ್ದೇನೆ ಎಂದು ಗೊತ್ತು, ತಿರುಗಿಯೂ ನೋಡುತ್ತಿಲ್ಲ. ಅಷ್ಟು ನಂಬಿದ್ದಾರೆ.

ಬ್ಲೇಡನ್ನು ಅದರ ಜಾಗದಲ್ಲಿ ಇಟ್ಟಿದ್ದೇನೆ. ಬೆಳಗ್ಗೆಯಿಂದ ಎರಡು ಸಲ ಹೋಗಿ ಇದೆಯಾ ಎಂದು ನೋಡಿ ಬಂದೆ.

ಭಾನುವಾರದವರೆಗೆ ಕಾಯಬೇಡ.

ಅಮ್ಮ